ಬಿದಿರು ಮೆಳೆಯ ವಯಸ್ಸು

ಗುರು ನಿರ್ವಾಣಯ್ಯನವರ ಆಶ್ರಮದಲ್ಲಿ ದುರುಗನೆಂಬ ಶಿಷ್ಯನಿದ್ದ. ಬುಟ್ಟಿ ಹೆಣೆದು ಬದುಕುವ ಮೇದರ ಹಟ್ಟಿಯಲ್ಲಿ ಹುಟ್ಟಿದವನು.

ಮೂರು ವರ್ಷದ ಹಿಂದೆ ಬರುವಾಗ ಹಟ್ಟಿಯ ಗುಡ್ಡದಿಂದ ಬಿದಿರಿನ ಗೆಡ್ಡೆಯೊಂದನ್ನು ತಂದು ಹೊಳೆದಂಡೆಯಲ್ಲಿ ನೆಟ್ಟಿದ್ದ. ಅದು ಮೆಳೆಯಾಗಿ ಬೆಳೆದಿತ್ತು.

ಹೋದ ವರ್ಷ ಗುಡ್ಡದ ಬಿದಿರೆಲ್ಲ ಒಟ್ಟಿಗೇ ಹೂ ಬಿಟ್ಟು ಸತ್ತಿತು. ಉದುರಿದ ಬೀಜವೂ ಕಾಡ್ಗಿಚ್ಚಿಗೆ ಹೋಯಿತು. ಹಟ್ಟಿಯಲ್ಲಿ ಒಲೆ ಹೊತ್ತುವುದೇ ಅಪರೂಪವಾಯಿತು.

"ನನ್ನ ಮೆಳೆ ಇನ್ನೂ ಎಳೇದು. ಮಳೆ ಬಿದ್ದಮೇಲೆ ಬಂದು ಗೆಡ್ಡೆ ಕಿತ್ಕೊಂಡು ಹೋಗಿ" ಎಂದು ದುರುಗ ಅಪ್ಪನಿಗೆ ಹೇಳಿಕಳಿಸಿದ. ಹಟ್ಟಿಗೆ ಹಟ್ಟಿಯೇ ಆ ಮಾತು ನಂಬಿ ಕೂತಿತು.

ಗುರುಗಳು ಯಾತ್ರೆಗೆ ಹೋದ ಮರುವಾರ ಆ ಎಳೆ ಮೆಳೆಯೂ ಹೂ ಬಿಟ್ಟಿತು.

ಹೂ ಬಿಟ್ಟ ಬಿದಿರು ಸಾಯುತ್ತದೆಂದು ಹಟ್ಟಿಯ ಮಕ್ಕಳಿಗೂ ಗೊತ್ತು. ಹೂ ತೆಗೆದರೆ ಮೆಳೆ ಉಳಿದೀತೆಂದು ದುರುಗ ದಿನಾ ಬೆಳಿಗ್ಗೆ ಕುಡುಗೋಲು ಹಿಡಿದು ಏಣಿ ಹತ್ತಿದ, ಒಂದು ಹೂತೆನೆಯನ್ನೂ ಬಿಡದೆ ಕೊಯ್ದ. ಎರಡು ತಿಂಗಳು ಕೊಯ್ದ. ಪಾಪ, ಊಟ ಮರೆತರೂ ಇದನ್ನು ಮರೆಯಲಿಲ್ಲ.

ಗುರುಗಳು ಮರಳಿ ಬಂದಾಗ ಮೆಳೆ ಬುಡದಿಂದ ತುದಿಯವರೆಗೆ ಒಣಗಿ ನಿಂತಿತ್ತು.

"ಮೂರೇ ವರ್ಷದ ಮೆಳೆ ಬುದ್ಧಿ. ಇದು ಹೂ ಬಿಡೋ ವಯಸ್ಸೇ?" ದುರುಗ ಅತ್ತ.

ಗುರುಗಳು ಅವನ ಕಿರುಬೆರಳು ಹಿಡಿದರು. "ಇದಕ್ಕೆಷ್ಟು ವಯಸ್ಸು?"

"ನನ್ನಷ್ಟೇ. ಇಪ್ಪತ್ತೆರಡು."

"ಕತ್ತರಿಸಿ ಇನ್ನೊಂದೂರಲ್ಲಿ ಬದುಕಿಸಿದ್ರೆ ಹಸುಗೂಸಿನ ಬೆರಳಾಗುತ್ತಾ?"

ದುರುಗ ಇಲ್ಲವೆಂದು ತಲೆಯಾಡಿಸಿದ.

"ನೀನು ತಂದಿದ್ದು ಗುಡ್ಡದ ಮುದಿ ಮೆಳೆಯ ತುಂಡು. ಹೂ ಬಿಡೋ ಕಾಲ ಅದರ ಹುಟ್ಟಿನಲ್ಲೇ ನಿಗದಿಯಾಗಿತ್ತು. ಎಲ್ಲಿ ನೆಟ್ಟರೂ ಒಂದು ವರ್ಷ ಹಿಂದೆಮುಂದೆ ಅದೇ ಕಾಲ."

ಗುರುಗಳು ಕೊಯ್ದ ತೆನೆಗಳ ರಾಶಿಯ ಮುಂದೆ ಕೂತರು. ಒಂದೊಂದನ್ನೇ ಅಂಗೈಯಲ್ಲಿ ಉಜ್ಜಿ ಊದಿದರು. ಹೊಟ್ಟು ಹಾರಿತು. ಮಧ್ಯಾಹ್ನದವರೆಗೆ ಉಜ್ಜಿದರು. ಒಂದು ಕಾಳೂ ಸಿಗಲಿಲ್ಲ.

"ಏನು ಹುಡುಕ್ತಿದೀರಿ ಬುದ್ಧಿ?"

"ಬಿದಿರಕ್ಕಿ. ಹೊಸ ಬಿದಿರು ಹುಟ್ಟೋದು ಆ ಬೀಜದಿಂದ. ಕಾಳು ಕಟ್ಟೋಕೆ ನೀನು ಬಿಡಲಿಲ್ಲ."

ದುರುಗ ಖಾಲಿ ತೆನೆಯೊಂದನ್ನು ಎತ್ತಿಕೊಂಡ. "ನಾಳೆ ಅಪ್ಪ ಹಟ್ಟಿಯವರನ್ನ ಕರ್ಕೊಂಡು ಬರ್ತಾನೆ. ಅವರಿಗೆ ಏನಂತ ಹೇಳಲಿ?"

ಗುರುಗಳು ಕೈ ಕೊಡವಿ ಎದ್ದರು.

"ಸಾಯೋದನ್ನ ತಡೆಯೋಕೆ ಹೋಗಿ ಹುಟ್ಟೋದನ್ನ ತಡೆದೆ ಅಂತ ಹೇಳು."