ಸುಕ್ಕು ಬೀಳದ ನೋಟು

ನಂಜನಗೂಡಿನ ಪ್ರಹ್ಲಾದರಾಯರಿಗೆ ಅಮೆರಿಕದ ಹಳೇ ನೋಟು ಕೂಡಿಡುವ ಹುಚ್ಚು. ಒಂದು ದಿನ ನೆಂಟರ ಮುಂದೆ ಎರಡು ನೋಟು ಇಟ್ಟರು. ಎರಡೂ ಒಂದೇ ವರ್ಷದವು.

"ಇದು ಅಂಗಡಿ ಅಂಗಡಿ ಅಲೆದು ಸುಕ್ಕಾಗಿದೆ. ಸಾವಿರ ರೂಪಾಯಿಯೂ ಬಾಳೋದಿಲ್ಲ. ಈ ಇನ್ನೊಂದು ಪೆಟ್ಟಿಗೆ ಬಿಟ್ಟು ಕದಲಿಲ್ಲ, ಒಂದು ಸುಕ್ಕಿಲ್ಲ. ಲಕ್ಷ ಬಾಳುತ್ತೆ" ಎಂದರು.

ಬೆಳಗಿನಿಂದ ಪೇಟೆಗೆ ಓಡಾಡಿ ಸುಸ್ತಾಗಿದ್ದ ಅಡುಗೆಯವನೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ರಾಯರು ಗದರಿದರು. "ನಿಂತು ಏನೋ ನೋಡ್ತೀಯ? ಮತ್ತೆ ಪೇಟೆಗೆ ಹೋಗಿ ಬದನೆಕಾಯಿ ತಾ. ಆಗದಿದ್ದರೆ ಗಂಟುಮೂಟೆ ಕಟ್ಟು."

ಅವನು ಹೋಗಿ ಜಗಲಿಯ ಮೇಲೆ ನೆಟ್ಟಗೆ ಮಲಗಿದ.

"ಏನೋ ಇದು?"

"ಇಷ್ಟು ವರ್ಷ ನಿಮಗಾಗಿ ಅಂಗಡಿ ಅಂಗಡಿ ಅಲೆದು ಬೆಲೆ ಕಳ್ಕೊಂಡೆ ರಾಯರೇ. ಇನ್ನು ಕದಲೋದಿಲ್ಲ. ಉಳಿದದ್ದಾದರೂ ಉಳೀಲಿ."

ನೆಂಟರು ಬಿದ್ದು ಬಿದ್ದು ನಕ್ಕರು. ರಾಯರು ಮುಖ ಕೆಂಪಗೆ ಮಾಡಿಕೊಂಡು, ತಾವೇ ಚೀಲ ಹಿಡಿದು ಬಿಸಿಲಿಗಿಳಿದರು. ವಾಪಸು ಬಂದಾಗ ಇಸ್ತ್ರಿ ಜುಬ್ಬ ಬೆವರಿಗೆ ಮುದ್ದೆಯಾಗಿತ್ತು.

ಅಡುಗೆಯವನು ಎದ್ದು ಚೀಲ ಇಸಕೊಂಡ. ಅವರನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟ.

"ಒಂದೇ ಸಲ ಪೇಟೆಗೆ ಹೋಗಿದ್ದಕ್ಕೆ ಎಷ್ಟು ಸುಕ್ಕು ರಾಯರೇ. ಇನ್ನು ನಿಮ್ಮನ್ನು ಸಾವಿರಕ್ಕೂ ಯಾರೂ ಕೇಳೋದಿಲ್ಲ."