ಎಂಟು ವರ್ಷದ ಕರಾರು

"ಅಜ್ಜಾರ, ನಾವು ನೆಚ್ಚಿದವ್ರು ಕಡೀತನಕ ನಮ್ಮ ಜೋಡೀನ ಇರಬೇಕಂದ್ರ ಏನು ಮಾಡಬೇಕ್ರಿ?"

ಹೀಗೆ ಕೇಳಿದವನು ಫಕ್ಕೀರೇಶ. ಊರಿನ ಭಜನಾ ಮೇಳದ ಹಿರಿಯ. ಮೇಳದಲ್ಲಿ ಒಬ್ಬ ಹೊಸ ಹಾಡುಗಾರನಿದ್ದ, ಕಂಠ ಒಳ್ಳೆಯದು. ಪಕ್ಕದ ಊರಿನ ಮೇಳದವರು ಅವನನ್ನು ಎರಡು ಸಲ ಚಹಾಕ್ಕೆ ಕರೆದಿದ್ದರು. ಅಂದಿನಿಂದ ಫಕ್ಕೀರೇಶನಿಗೆ ಊಟ ರುಚಿಸುತ್ತಿರಲಿಲ್ಲ. ಹಾಡುಗಾರನಿಂದ ವಿಭೂತಿ ಗಟ್ಟಿ ಮುಟ್ಟಿಸಿ ಆಣೆ ಮಾಡಿಸಿಬಿಡಲೇ ಎಂದು ಕೇಳಲು ಅವನು ಮಠಕ್ಕೆ ಬಂದಿದ್ದ.

ಮಠದ ಸ್ವಾಮಿಗಳಾದ ಅಜ್ಜಾರು ಆಣೆಯ ಮಾತು ಎತ್ತಲಿಲ್ಲ. ಅವರು ಮಠಕ್ಕೆ ಬರುವ ಮೊದಲು ಹಾಕಿ ಆಡಿದವರು. ಮಾತು ಎಲ್ಲಿ ಹೊರಟರೂ ಒಮ್ಮೆ ಮೈದಾನ ಸುತ್ತಿ ಬರುವುದು ಅವರ ರೂಢಿ. ಕೂಡು ಎಂದು ಕೈ ತೋರಿಸಿ ಕತೆ ಹೇಳಿದರು.

ಒಂದು ಊರಿಗೆ ಒಂದು ಹಾಕಿ ತಂಡವಿತ್ತು. ಊರು ದೊಡ್ಡದಲ್ಲ, ತಂಡವೂ ದೊಡ್ಡದಲ್ಲ. ಅಭಿಮಾನ ಮಾತ್ರ ಎರಡನ್ನೂ ಮೀರಿ ಬೆಳೆದಿತ್ತು.

ಆ ಊರಿನಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ. ಮೂವತ್ತು ವರ್ಷದಲ್ಲಿ ಊರಿನ ತಂಡದ ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ. ಇದು ಸುಳ್ಳಲ್ಲ. ಪಂದ್ಯದ ಎಷ್ಟು ಭಾಗ ನೋಡಿದ್ದ ಎಂಬುದು ಬೇರೆ ಮಾತು, ಅದಕ್ಕೆ ಆಮೇಲೆ ಬರೋಣ. ಅವನ ಅಂಗಡಿಯ ಮುಂದೆ ಕೂಡಲು ಒಂದು ಉದ್ದನೆಯ ಮರದ ಬಾಕು. ಸಂಜೆಯಾದರೆ ಅಲ್ಲಿ ಒಬ್ಬ ಸಿಂಪಿಗ, ಒಬ್ಬ ನಿವೃತ್ತ ಬಸ್ ಕಂಡಕ್ಟರ್, ಇನ್ನೂ ನಾಲ್ಕಾರು ಜನ ಸೇರುತ್ತಿದ್ದರು. ಗಿರ್ಮಿಟ್ ತಿನ್ನುತ್ತ ತಂಡ ನಡೆಸುತ್ತಿದ್ದರು. ಮೈದಾನದಲ್ಲಿ ತಂಡ ಎಷ್ಟು ಸಲ ಸೋತರೂ ಆ ಬಾಕಿನ ಮೇಲೆ ಒಮ್ಮೆಯೂ ಸೋತಿರಲಿಲ್ಲ.

ಎರಡು ವರ್ಷ ತಂಡ ಲೀಗಿನಲ್ಲಿ ಎಲ್ಲರಿಗಿಂತ ಕೆಳಗಿತ್ತು. ಮೂರನೆಯ ವರ್ಷ ಒಬ್ಬ ಆಟಗಾರ ಬಂದ. ವಯಸ್ಸು ಹತ್ತೊಂಬತ್ತು. ಚೆಂಡು ಅವನ ಸ್ಟಿಕ್ಕಿಗೆ ಹೋದರೆ ಬಿಡಿಸಿಕೊಳ್ಳುವುದು ಕಷ್ಟ. ಆ ವರ್ಷ ತಂಡ ಮೂರನೆಯ ಸ್ಥಾನಕ್ಕೆ ಏರಿತು. ಊರಿನ ಜನ ನೆಂಟರ ಮನೆಗೆ ಹೋದಾಗ ಕೇಳದಿದ್ದರೂ ತಮ್ಮ ಊರಿನ ಹೆಸರು ಹೇಳತೊಡಗಿದರು.

ಆದರೆ ಆ ಹುಡುಗನ ಕರಾರು ಒಂದೇ ವರ್ಷದ್ದು. ಬರುವ ಭಾನುವಾರದ ಪಂದ್ಯಕ್ಕೆ ಅದು ಮುಗಿಯುತ್ತಿತ್ತು. ಅಂದು ಎದುರಾಳಿ ದೊಡ್ಡ ಪಟ್ಟಣದ ತಂಡ. ಪಂದ್ಯ ಮುಗಿದ ಮೇಲೆ ಹುಡುಗನನ್ನು ಕರೆದುಕೊಂಡೇ ಹೋಗುತ್ತೇವೆ ಎಂದು ಆ ತಂಡದವರು ಹೇಳಿಕೊಂಡು ತಿರುಗುತ್ತಿದ್ದರು. ಅವನು ಹೋದರೆ ತಂಡ ಮತ್ತೆ ತಳಕ್ಕೆ ಇಳಿಯುತ್ತದೆ. ಇನ್ನೊಂದು ವರ್ಷ ತಳದಲ್ಲಿ ಉಳಿದರೆ ಲೀಗಿನಿಂದ ಹೊರಗೆ. ಆಮೇಲೆ ಊರಿಗೆ ತಂಡವೇ ಇಲ್ಲ. ಇದು ವ್ಯಾಪಾರಿಗೆ ಗೊತ್ತಿತ್ತು. ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಬಾಕಿನ ಮೇಲೆ ಚರ್ಚೆ ಕಾವೇರಿತು. ಹುಡುಗನಿಗೆ ಎಷ್ಟು ವರ್ಷದ ಕರಾರು ಹಾಕಬೇಕು? ಕಂಡಕ್ಟರ್ ಮೂರು ವರ್ಷ ಸಾಕು ಎಂದ, ಹರೆಯದ ಕಾಲನ್ನು ನಂಬಬಾರದು ಎಂದ. ಸಿಂಪಿಗ ಐದು ಎಂದ. ವ್ಯಾಪಾರಿ ಎಂಟಕ್ಕೆ ನಿಂತ. ಬೆಳೆಯುವ ಪೈರು ಮೊಳಕೆಯಲ್ಲೇ ಕಾಣುತ್ತದೆ, ಕಂಡ ಮೇಲೆ ಬೇಲಿ ಹಾಕದವನು ಮಬ್ಬ ಎಂದ. ಎಂಟು ವರ್ಷವನ್ನು ಎಂಟು ಮೆಣಸಿನಕಾಯಿ ಚೀಲ ಎತ್ತಿಟ್ಟಷ್ಟು ಸಲೀಸಾಗಿ ಎತ್ತಿಟ್ಟ. ಎಲ್ಲರೂ ಒಪ್ಪಿದರು. ಬೇರೆಯವರ ವರ್ಷ ಹಂಚುವಾಗ ಯಾರ ಕೈಯೂ ಗಿಡ್ಡವಾಗಿರುವುದಿಲ್ಲ.

ಸುದ್ದಿ ತಂಡದ ಅಧ್ಯಕ್ಷರಿಗೆ ಮುಟ್ಟಿತು. ಅವರು ಕರಾರು ಪತ್ರವನ್ನೇ ವ್ಯಾಪಾರಿಯ ಕೈಗೆ ಕೊಟ್ಟರು. ಸಂಬಳದ ಮಾತು ಮುಗಿದಿದೆ, ವರ್ಷದ ಜಾಗ ಖಾಲಿ ಇದೆ, ಹುಡುಗ ನಮ್ಮ ಮಾತು ಕೇಳುವುದಿಲ್ಲ, ಅಭಿಮಾನಿಗಳ ಮಾತನ್ನಾದರೂ ಕೇಳಿಯಾನು, ನೀವೇ ತುಂಬಿಸಿಕೊಂಡು ಬನ್ನಿ ಎಂದರು. ವ್ಯಾಪಾರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ.

ಬೆಳಗಿನ ಅಭ್ಯಾಸ ಮುಗಿದಿತ್ತು. ಆಟಗಾರ ಮೆಟ್ಟಿಲ ಮೇಲೆ ಕುಳಿತು ಸ್ಟಿಕ್ಕಿನ ಹಿಡಿಕೆಗೆ ಪಟ್ಟಿ ಸುತ್ತುತ್ತಿದ್ದ.

"ನಾ ಯಾರು ಗುರುತು ಸಿಕ್ಕಿತೇನಪಾ?" ಎಂದ ವ್ಯಾಪಾರಿ.

ಆಟಗಾರ ಮುಖ ನೋಡಿದ. ಗುರುತು ಸಿಗಲಿಲ್ಲ. ವ್ಯಾಪಾರಿಗೆ ಸ್ವಲ್ಪ ಬೇಸರವಾಯಿತು. ಕುಳಿತುಕೊಳ್ಳೋಣ ಎಂದು ಅವನು ತಿರುಗಿ ಹೆಗಲ ಮೇಲಿನ ವಸ್ತ್ರವನ್ನು ಕಲ್ಲಿನ ಮೇಲೆ ಹಾಸತೊಡಗಿದ. ಆಗ ಆಟಗಾರ ನಕ್ಕ.

"ಈಗ ಸಿಕ್ಕಿತು ನೋಡ್ರಿ ಕಾಕಾರ. ನನಗ ನಿಮ್ಮ ಬೆನ್ನಿನ ಗುರುತು ಭಾಳ ಐತಿ."

ಇಲ್ಲಿ ಆ ಊರಿನ ಒಂದು ರೂಢಿ ಹೇಳಬೇಕು. ಮೈದಾನದ ಸುತ್ತ ಇದ್ದದ್ದು ಕಲ್ಲಿನ ಮೆಟ್ಟಿಲು, ಅದರ ಮೇಲೆಲ್ಲ ಗರಸಿನ ಧೂಳು. ನೋಡಲು ಬಂದವರು ವಸ್ತ್ರ ಹಾಸಿ ಕೂಡುತ್ತಿದ್ದರು. ತಂಡ ಎರಡು ಮೂರು ಗೋಲು ಹಿಂದೆ ಬಿತ್ತೆಂದರೆ ಯಾರಾದರೂ ಒಬ್ಬರು ಎದ್ದು ವಸ್ತ್ರ ಝಾಡಿಸುತ್ತಿದ್ದರು. ಒಂದು ವಸ್ತ್ರದ ಸಪ್ಪಳ ಕೇಳಿದರೆ ಸಾಕು, ಉಳಿದವರೂ ಎದ್ದು ಝಾಡಿಸಿ ಮನೆಯ ದಾರಿ ಹಿಡಿಯುತ್ತಿದ್ದರು. ಆ ಊರಿನಲ್ಲಿ ಅದೊಂದು ನುಡಿಯೇ ಆಗಿತ್ತು. ರೋಗಿ ಉಳಿಯುವುದಿಲ್ಲ ಎನ್ನಬೇಕಾದರೆ ಡಾಕ್ಟರು ವಸ್ತ್ರ ಝಾಡಿಸಿದರು ಎನ್ನುತ್ತಿದ್ದರು. ಮೈದಾನದಲ್ಲಿ ಮೊದಲು ಏಳುತ್ತಿದ್ದ ವಸ್ತ್ರ ಹೆಚ್ಚಾಗಿ ಮೆಣಸಿನಕಾಯಿ ವ್ಯಾಪಾರಿಯದು. ಅಂಗಡಿಯಲ್ಲಿ ದೀಪ ಹಚ್ಚುವ ಹೊತ್ತು, ಲಕ್ಷ್ಮಿಯನ್ನು ಕಾಯಿಸಬಾರದು ಎಂಬುದು ಅವನ ಕಾರಣ. ತಂಡ ಗೆಲ್ಲುತ್ತಿದ್ದ ದಿನ ಲಕ್ಷ್ಮಿ ಕಾಯುತ್ತಿದ್ದಳು.

ವ್ಯಾಪಾರಿ ಕರಾರು ಪತ್ರ ಚಾಚಿ, ಖಾಲಿ ಜಾಗದಲ್ಲಿ ಎಂಟು ವರ್ಷ ಎಂದು ಬರೆ ಎಂದ. ಆಟಗಾರ ಓದಿದ. ಅವನಿಗೆ ಸಿಟ್ಟಿರಲಿಲ್ಲ. ಮಾತು ಮಾತ್ರ ನೇರವಾಗಿತ್ತು.

"ಎಂಟು ವರ್ಷ ನನಗೇನೂ ವಜ್ಜೆ ಅಲ್ರಿ. ಆದ್ರ ಗೆದ್ದೆತ್ತಿನ ಬಾಲ ಹಿಡಿಯೋ ಮಂದಿ ನಡುವ ಎಂಟು ವರ್ಷ ಹೆಂಗ ಇರ್ಲಿ, ಹೇಳ್ರಿ. ಗೆಲ್ಲಲಿ ಸೋಲಲಿ, ಕಡೀ ಸೀಟಿ ಊದೋತನಕ ಕೂಡ್ತೀವಿ ಅಂತ ಈ ಕಾಗದದ ಮ್ಯಾಲ ನೀವು ಬರದು ಸಹಿ ಮಾಡ್ರಿ. ನೀವು ಎಷ್ಟು ವರ್ಷ ಬರೀತೀರಿ, ನಾನೂ ಅಷ್ಟ ಬರೀತೀನಿ."

ವ್ಯಾಪಾರಿ ಹಿಗ್ಗಿನಿಂದ ಹಿಂದಿರುಗಿದ. ಇಷ್ಟೇ ತಾನೇ ಎಂದುಕೊಂಡ. ಬಾಕಿನ ಮೇಲೆ ಕಾಗದ ಬಿಚ್ಚಿ ಎಲ್ಲರಿಗೂ ಪೆನ್ನು ಚಾಚಿದ.

ಪೆನ್ನು ಯಾರೂ ಮುಟ್ಟಲಿಲ್ಲ. ಮದುವೆಯ ತಿಂಗಳುಗಳನ್ನು ಬಿಡಬೇಕು ಎಂದ ಕಂಡಕ್ಟರ್. ದೀಪಾವಳಿಯ ಮುಂಚಿನ ಹೊಲಿಗೆಯ ದಿನಗಳು ಇದಕ್ಕೆ ಸೇರಬಾರದು ಎಂದ ಸಿಂಪಿಗ. ಐದು ಗೋಲು ಬಿದ್ದರೂ ಕೂಡಬೇಕೇ, ಮನುಷ್ಯರಲ್ಲವೇ ನಾವು ಎಂದ ಇನ್ನೊಬ್ಬ. ಕೊನೆಯ ಸೀಟಿ ಎಂದರೆ ಅದು ಊದಲು ಶುರುವಾದಾಗಲೋ, ಊದಿ ಮುಗಿದ ಮೇಲೋ ಎಂದು ಮತ್ತೊಬ್ಬ ಕೇಳಿದ. ಎಂಟು ಐದಾಯಿತು. ಐದು ಮೂರಕ್ಕೆ ಇಳಿಯಿತು. ಮೂರು ಒಂದಾಯಿತು. ಕಡೆಗೆ ಕಂಡಕ್ಟರ್, ಮೊದಲು ಈ ವರ್ಷ ಹೇಗೆ ಆಡುತ್ತಾರೋ ನೋಡಿ ಆಮೇಲೆ ಬರೆಯೋಣ ಎಂದ. ಅದು ಎಲ್ಲರಿಗೂ ಸರಿ ಕಂಡಿತು.

ವ್ಯಾಪಾರಿ ಪೆನ್ನಿನ ಮುಚ್ಚಳ ಹಾಕಿದ. ಎರಡು ದಿನದ ಹಿಂದೆ ಇದೇ ಜನ, ಇದೇ ಬಾಕಿನ ಮೇಲೆ, ಹುಡುಗನ ಎಂಟು ವರ್ಷವನ್ನು ಮಾತಿನಲ್ಲಿ ಮುಗಿಸಿದ್ದರು. ತಾನೂ ಬರೆದಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ನಾಚಿಕೆಯಾಯಿತು. ಕಾಗದ ಮಡಚಿ ಕಿಸೆಗೆ ಹಾಕಿಕೊಂಡ.

ಭಾನುವಾರ ಬಂತು. ಇವತ್ತು ಅಂಗಡಿಯ ದೀಪ ನೀನೇ ಹಚ್ಚು, ನನಗೆ ತಡವಾಗುತ್ತದೆ ಎಂದು ವ್ಯಾಪಾರಿ ಹೆಂಡತಿಗೆ ಹೇಳಿದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೂವತ್ತು ವರ್ಷದಿಂದ ನಾನೇ ಹಚ್ಚುತ್ತಿದ್ದೇನೆ, ನೀವು ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅದು ಉರಿಯುತ್ತಿರುತ್ತದೆ ಎಂದಳು. ಅವನು ಚಪ್ಪಲಿ ಮೆಟ್ಟಿಕೊಂಡ.

ಪಟ್ಟಣದ ತಂಡ ಬಲವಾಗಿತ್ತು. ಇನ್ನು ಹದಿನೈದು ನಿಮಿಷ ಇರುವಾಗ ಮೂರು ಗೋಲು ಬಿದ್ದಿದ್ದವು, ಊರಿನ ತಂಡ ಒಂದೂ ಹೊಡೆದಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಒಂದು ವಸ್ತ್ರದ ಸಪ್ಪಳವಾಯಿತು. ಆಮೇಲೆ ಸುತ್ತಲೂ ಅದೇ ಸಪ್ಪಳ. ಸಿಂಪಿಗ, ಕಂಡಕ್ಟರ್ ಇಬ್ಬರೂ ಎದ್ದು, ಏಳು ಮಾರಾಯ ಎಂದು ವ್ಯಾಪಾರಿಯ ರಟ್ಟೆ ಹಿಡಿದರು. ಅವನು ಅರ್ಧ ಎದ್ದಿದ್ದ. ಕೈ ಆಗಲೇ ವಸ್ತ್ರದ ತುದಿಗೆ ಹೋಗಿತ್ತು. ಮೂವತ್ತು ವರ್ಷದ ಮೈ, ಅದಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನು ಕೈಯನ್ನು ಬಿಡಿಸಿಕೊಂಡು ಮತ್ತೆ ಕುಳಿತ. ಗೆಳೆಯರು ಇವನಿಗೆ ಬಿಸಿಲು ತಾಗಿರಬೇಕು ಎಂದುಕೊಂಡು ಹೋದರು.

ಮೆಟ್ಟಿಲ ಮೇಲೆ ಉಳಿದವರು ಇಬ್ಬರು. ಅವನು, ಮತ್ತು ಶೇಂಗಾ ಮಾರುವ ಒಬ್ಬ ಮುದುಕಿ.

ಆ ಹದಿನೈದು ನಿಮಿಷವನ್ನು ವ್ಯಾಪಾರಿ ಜೀವನದಲ್ಲಿ ಮೊದಲ ಸಲ ನೋಡಿದ. ಸೋಲುವ ತಂಡ ಹೀಗೂ ಆಡುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೋಲ್‌ಕೀಪರ್ ಒಂದು ಚೆಂಡನ್ನು ಎದೆ ಕೊಟ್ಟು ತಡೆದು, ಎದ್ದು, ತನ್ನವರನ್ನು ಏನೋ ಹೇಳಿ ನಗಿಸಿದ. ವಯಸ್ಸಾದ ನಾಯಕ ಕುಂಟುತ್ತಲೇ ಓಡಿದ. ಆ ಹುಡುಗ ಮೊದಲ ನಿಮಿಷದಲ್ಲಿ ಓಡಿದ ಹಾಗೆಯೇ ಓಡುತ್ತಿದ್ದ. ಇನ್ನು ಎರಡು ನಿಮಿಷ ಇದೆ ಎನ್ನುವಾಗ ಮೂವರನ್ನು ದಾಟಿ ಒಂದು ಗೋಲು ಹೊಡೆದ. ವ್ಯಾಪಾರಿ ಎದ್ದು ನಿಂತು ಕೂಗಿದ. ಖಾಲಿ ಮೈದಾನದಲ್ಲಿ ಆ ಒಂದೇ ದನಿ ಎಷ್ಟು ಜೋರಾಗಿ ಕೇಳಿತೆಂದರೆ ಅಂಪೈರ್ ತಿರುಗಿ ನೋಡಿದ. ಮುದುಕಿ ಅವನಿಗೆ ಒಂದು ಹಿಡಿ ಶೇಂಗಾ ಕೊಟ್ಟಳು.

ಕೊನೆಯ ಸೀಟಿ ಊದಿತು. ತಂಡ ಸೋತಿತು. ಆಟಗಾರರು ಸಾಲಾಗಿ ಮೆಟ್ಟಿಲ ಕಡೆಗೆ ನಡೆದು ಬಂದರು. ಸ್ಟಿಕ್ಕುಗಳನ್ನು ಕಾಲಿನ ಬಳಿ ಇಟ್ಟು, ಕೈ ಮುಗಿದು, ತಲೆ ಬಾಗಿಸಿದರು. ವ್ಯಾಪಾರಿ ಹಿಂದೆ ತಿರುಗಿ ನೋಡಿದ. ದೊಡ್ಡವರು ಯಾರಾದರೂ ಬಂದಿರಬೇಕು ಎಂದುಕೊಂಡ. ಯಾರೂ ಇರಲಿಲ್ಲ. ಇವರು ಪ್ರತಿ ಸಲ ಹೀಗೆ ಮಾಡುತ್ತಾರೆಯೇ ಎಂದು ಮುದುಕಿಯನ್ನು ಕೇಳಿದ. ಗೆದ್ದ ದಿನವೂ ಮಾಡುತ್ತಾರೆ, ನಿಮ್ಮ ಕುಣಿತದಲ್ಲಿ ಅದು ನಿಮಗೆ ಕಾಣುವುದಿಲ್ಲ, ಸೋತ ದಿನವೂ ಮಾಡುತ್ತಾರೆ, ಆಗ ನೀವು ಇರುವುದಿಲ್ಲ ಅಷ್ಟೇ ಎಂದಳು ಅವಳು.

ವ್ಯಾಪಾರಿಯ ಕಣ್ಣು ತುಂಬಿದವು. ಮೂವತ್ತು ವರ್ಷ ಈ ತಂಡ ಸೋತಾಗಲೆಲ್ಲ ಖಾಲಿ ಕಲ್ಲಿಗೆ ಕೈ ಮುಗಿದಿತ್ತು. ಅವನು ಕಿಸೆಯಿಂದ ಕಾಗದ ತೆಗೆದ. ಕೊನೆಯ ಸೀಟಿಯ ತನಕ ಕೂಡುತ್ತೇನೆ ಎಂದು ಬರೆದ. ವರ್ಷದ ಜಾಗಕ್ಕೆ ಬಂದಾಗ ಕೈ ನಿಂತಿತು. ಎಂಟು ವರ್ಷದಲ್ಲಿ ಎಷ್ಟು ಪಂದ್ಯ, ಎಷ್ಟು ಸೋಲು, ಎಷ್ಟು ಸಂಜೆ ಎಂದು ಯೋಚಿಸಿದ. ಬಾಕಿನ ಮೇಲೆ ಅಷ್ಟು ಸಣ್ಣದಾಗಿದ್ದ ಎಂಟು ಇಲ್ಲಿ ಬಹಳ ದೊಡ್ಡದಾಗಿ ಕಂಡಿತು. ಆದರೂ ಎಂಟು ಎಂದೇ ಬರೆದು, ಒಬ್ಬನೇ ಸಹಿ ಮಾಡಿ, ಮೆಟ್ಟಿಲಿಳಿದು ಹೋಗಿ ಹುಡುಗನ ಕೈಗೆ ಕೊಟ್ಟ.

ಗೇಟಿನ ಹತ್ತಿರ ಪಟ್ಟಣದ ತಂಡದವರು ಕಾರಿನ ಬಾಗಿಲು ತೆರೆದುಕೊಂಡು ಕಾಯುತ್ತಿದ್ದರು. ಹುಡುಗ ಕಾಗದ ಓದಿದ. ಒಂದೇ ಸಹಿ ಇದೆಯಲ್ಲ ಎಂದು ಕೇಳಲಿಲ್ಲ. ಪೆನ್ನು ಇಸಿದುಕೊಂಡು, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಕೆಳಗೆ ಎಂಟು ಎಂದು ಬರೆದು ತನ್ನ ಹೆಸರು ಹಾಕಿದ.

ಅಜ್ಜಾರು ಇಲ್ಲಿಗೆ ಕತೆ ನಿಲ್ಲಿಸಿ ನೀರು ಕುಡಿದರು.

ಫಕ್ಕೀರೇಶನ ಮುಖ ಅರಳಿತ್ತು. ಕತೆ ತನ್ನ ಕಡೆಗೇ ಬಂದಿತು ಎಂದು ಅವನಿಗೆ ಅನ್ನಿಸಿತ್ತು. ಒಂದು ವಿಷಯ ಮಾತ್ರ ತಿಳಿಯಬೇಕಿತ್ತು. ಮುಂದಕ್ಕೆ ಸರಿದು ಕೇಳಿದ.

"ಆ ಹುಡುಗ ಎಂಟು ವರ್ಷ ಪೂರ್ತಿ ಅಲ್ಲೇ ಇದ್ದನೇನ್ರಿ ಅಜ್ಜಾರ?"

ಅಜ್ಜಾರು ಅವನನ್ನೇ ನೋಡಿ ನಕ್ಕರು.

"ವ್ಯಾಪಾರಿ ಎಂಟು ವರ್ಷ ಪೂರ್ತಿ ಕೂತನೇನು ಅಂತ ನೀ ಕೇಳಲೇ ಇಲ್ಲಲ್ಲೋ ತಮ್ಮಾ."