ಮಾತಾಡದೆ ಮರಿ ನಡೆಸಿದ ಹೊನ್ನವ್ವ

ಕೊಕ್ಕರೆ ಮರಿಗಳಿಗೆ ದಕ್ಷಿಣದ ದಾರಿಯನ್ನು ದೇವರೇ ರೆಕ್ಕೆಯೊಳಗೆ ಬರೆದು ಕಳಿಸುತ್ತಾನೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು, ಪುಟ್ಟೀ. ಹಾಗಿದ್ದರೆ ತಬ್ಬಲಿ ಮರಿ ದಾರಿ ತಪ್ಪುವುದು ಯಾಕೆ? ನನಗೆ ಆಗಲೇ ಅನುಮಾನ. ಇರಲಿ, ಹೊದ್ದುಕೊಂಡು ಕೇಳು.

ಒಂದಾನೊಂದು ಕಾಲದಲ್ಲಿ, ಚಳಿಗೆ ಕೆರೆಯ ನೀರೇ ಕಲ್ಲಾಗುವ ಉತ್ತರದ ಸೀಮೆಯಲ್ಲಿ ಬೀರಣ್ಣ, ಮಾಳಪ್ಪ ಅಂತ ಇಬ್ಬರು ಕುರಿಗಾರರು, ಅವರ ತಂಗಿ ಹೊನ್ನವ್ವ ಇದ್ದರಂತೆ. ಒಂದು ಬೇಸಗೆ ಆಲಿಕಲ್ಲು ಬಿದ್ದು ದೊಡ್ಡ ಕೊಕ್ಕರೆಗಳೆಲ್ಲ ಸತ್ತು, ಜೊಂಡಿನಲ್ಲಿ ಮೂರು ಮೊಟ್ಟೆ ಮಾತ್ರ ಉಳಿದವಂತೆ. ಹೊನ್ನವ್ವ ಅವನ್ನು ಉಣ್ಣೆಯಲ್ಲಿಟ್ಟು ಮರಿ ಮಾಡಿದಳಂತೆ. ಆಮೇಲೆ ಮುಖ ಕಾಣದ ಹಾಗೆ ಬಿಳಿ ಕಂಬಳಿ ಮುಸುಕಿಕೊಂಡು, ಮರದ ಕೊಕ್ಕಿನಿಂದ ತುತ್ತು ಕೊಟ್ಟು, ಮರಿಗಳ ಮುಂದೆ ಒಂದು ಮಾತೂ ಆಡದೆ ಸಾಕಿದಳಂತೆ. ಮನುಷ್ಯರ ದನಿಯನ್ನು ತಾಯಿಯ ದನಿ ಅಂದುಕೊಂಡ ಹಕ್ಕಿ ಬೇಟೆಗಾರ ಕರೆದರೂ ಇಳಿಯುತ್ತದಲ್ಲ, ಅದಕ್ಕೆ. ಮಾಳಪ್ಪನಿಗೆ ನಗು. ನಿನ್ನ ನೋಡಲು ಬೀಗರು ಬಂದು ಹುಡುಗಿ ಎಲ್ಲಿ ಅಂದರೆ ಕೊಕ್ಕರೆ ತೋರಿಸಲೇನವ್ವಾ ಅಂದನಂತೆ.

ಚಳಿ ಬಂತು. ಕುರಿ ಹೊಡೆದುಕೊಂಡು ಮೂವರೂ ದಕ್ಷಿಣಕ್ಕೆ ಹೊರಟರಂತೆ, ಹೊನ್ನವ್ವ ಮುಂದೆ, ಅವಳ ತಲೆಯ ಮೇಲೆ ರೆಕ್ಕೆ ಬಲಿತು ಹಾರುವ ಮರಿಗಳು. ಜೌಗಿನ ಹತ್ತಿರ ಒಂದು ಕುರಿ ಹಿಂದುಳಿಯಿತಂತೆ. ಅಣ್ಣತಮ್ಮಂದಿರೂ ಬಾಯಿ ಬಿಡಬಾರದೆಂದು ಮಾತಾಗಿತ್ತು. ಆದರೆ ಹುಟ್ಟಿದಾಗಿನಿಂದ ಬಂದ ಅಭ್ಯಾಸ ನೋಡು, ಬೀರಣ್ಣ ಮರೆತು ನಾಲಿಗೆ ಹೊರಳಿಸಿ ಕುರಿ ಕರೆದನಂತೆ. ಸ್ವಲ್ಪ ಹೊತ್ತಿಗೆ ಜೊಂಡಿನೊಳಗಿಂದ ಅದೇ ಕರೆ, ಅವನದೇ ದನಿಯಲ್ಲಿ, ಮತ್ತೆ ಬಂತಂತೆ. ಅಲ್ಲಿ ಯಾರೂ ಇರಲಿಲ್ಲ. ಒಂದು ಮರಿ ಅತ್ತ ಇಳಿಯತೊಡಗಿತು. ಹೊನ್ನವ್ವ ಕೊಕ್ಕು ಕಟಕಟ ಬಡಿದು ಅದನ್ನು ತಿರುಗಿಸಿಕೊಂಡಳಂತೆ.

ಆಮೇಲೆ ಬಯಲು. ಅಲ್ಲಿ ಮಾಳಪ್ಪನ ದನಿ ಕರೆಯಿತಂತೆ, ಮಾಳಪ್ಪ ಬಾಯಿ ಮುಚ್ಚಿಕೊಂಡು ಪಕ್ಕದಲ್ಲೇ ನಿಂತಿದ್ದ. ಅವನ ನಗು ಅಲ್ಲಿಗೆ ಆರಿತು. ಎರಡು ಮರಿಗಳು ಕತ್ತು ಹೊರಳಿಸಿದವು. ಹೊನ್ನವ್ವ ಕಂಬಳಿ ಹರಡಿ ಓಡಿದಳು, ಅವು ಹಿಂದೆ ಬಂದವು.

ಮೂರನೆಯದು ಹೊಳೆ. ಹೊನ್ನವ್ವ ದಾಟಿದ ಮೇಲೆ ಮಂಜು ಕವಿದು, ಮರಿಗಳು ಹಿಂದಿನ ದಡದಲ್ಲೇ ಉಳಿದವಂತೆ. ಆಗ ಮಂಜಿನೊಳಗಿಂದ ಸತ್ತುಹೋದ ಅವಳ ಅವ್ವನ ದನಿ. ಹೊನ್ನೀ, ಬಿಸಿ ರೊಟ್ಟಿ ಆರ್ತಾ ಇದೆ. ಎಷ್ಟು ದಿನ ಆಯ್ತೇ ನಿನ್ನ ದನಿ ಕೇಳಿ. ಒಂದು ಸಲ ಓ ಅನ್ನು ಮಗಳೇ, ಸಾಕು. ಹೊನ್ನವ್ವ ದನಿ ಬಂದತ್ತ ತಿರುಗಿದಳು. ಓ ಅಂದರೆ ಮರಿಗಳಿಗೆ ತಮ್ಮ ತಾಯಿ ಮನುಷ್ಯಳೆಂದು ತಿಳಿಯುತ್ತದೆ. ಕಣ್ಣಿಗೆ ಕಾಣದೆ ಮನುಷ್ಯರ ದನಿಯಲ್ಲಿ ಕರೆಯುವ ಅದ್ಯಾವುದೋ ಒಂದರ ಬಾಯಿಗೇ ಅವು ಹೋಗಿ ಬೀಳುತ್ತವೆ. ಕಂಬಳಿಯ ಅಂಚು ಕಚ್ಚಿ, ಅಳುತ್ತಲೇ ಎದೆಮಟ್ಟದ ನೀರಿಗೆ ಮತ್ತೆ ಇಳಿದು, ಮರದ ಕೊಕ್ಕನ್ನು ಮೇಲೆತ್ತಿ ನಿಂತಳಂತೆ. ಆ ದನಿ ಕರೆಯಿತು, ಬೈಯಿತು, ಕೊನೆಗೆ ಕುರಿಯ ಹಾಗೆ ಅರಚಿತು. ಮಂಜು ಸೀಳಿಕೊಂಡು ಮರಿಗಳು ಬಂದವು, ಒಂದು, ಎರಡು, ಮೂರು.

ದಕ್ಷಿಣದ ಕೆರೆಯಲ್ಲಿ ಬೇರೆ ಕೊಕ್ಕರೆಗಳು ಅವನ್ನು ತಮ್ಮ ಹಿಂಡಿಗೆ ಸೇರಿಸಿಕೊಂಡವಂತೆ. ಆಮೇಲೆ ಹೊನ್ನವ್ವ ಪೊದೆಯ ಮರೆಗೆ ಹೋಗಿ ಕಂಬಳಿ ತೆಗೆದು, ಅಣ್ಣಾ, ಹಸಿವು ಅಂದಳಂತೆ. ಬೀರಣ್ಣ ಅತ್ತುಬಿಟ್ಟನಂತೆ. ಮೂವರೂ ಅಲ್ಲೇ ಹಟ್ಟಿ ಹಾಕಿಕೊಂಡು ಸುಖವಾಗಿದ್ದರಂತೆ, ಕತೆಯೂ ಅವರ ಹಟ್ಟಿಯಲ್ಲೇ ಮಲಗಿತಂತೆ.

ಆ ದನಿ ಯಾರದೋ, ಇತ್ತೋ ಇಲ್ಲವೋ, ನಾನು ಹೇಳಲಾರೆ. ಆದರೆ ದೊಡ್ಡವಳಾದ ಮೇಲೆ ಒಂದು ಚಳಿಗಾಲ ವಲಸೆ ಕೊಕ್ಕರೆಗಳು ಇಳಿಯುವ ಕೆರೆಗೆ ದುರ್ಬೀನು ಹಿಡಿದು ಹೋಗಿ ನೋಡಿದೆ: ಆ ವರ್ಷದ ಮರಿ ಅಪ್ಪ ಅಮ್ಮನ ನಡುವೆಯೇ ಮೇಯುತ್ತಿತ್ತು. ದಾರಿ ರೆಕ್ಕೆಯೊಳಗೆ ಬರೆದದ್ದಲ್ಲ, ಅವರ ಹಿಂದೆ ಹಾರಿ ಕಲಿತದ್ದು, ಪುಟ್ಟೀ.